ಪಕ್ಷಿಪಿಟ್ಟಿ ಮತ್ತು ಬಿತ್ರಾ: ಎರಡು ಹಕ್ಕಿದ್ವೀಪಗಳ ಚರಿತ್ರೆ

1956ರ ನವೆಂಬರ್ 1ರಂದು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದಾಗ ಅದರ ಎರಡು ಭಾಗಗಳು ಜಿಲ್ಲೆಯಿಂದ ಬೇರ್ಪಟ್ಟವು. ಕಾಸರಗೋಡು ತಾಲ್ಲೂಕು ಕೇರಳದ ಪಾಲಾಯಿತು. ಅದನ್ನು ಕುರಿತು ನಮ್ಮಲ್ಲಿ ಕಾವ್ಯವಿದೆ, ವರದಿಗಳಿವೆ, ಇಂದಿಗೂ ಮುಗಿಯದ ವಾದವಿದೆ. ಎರಡನೆಯ ಭಾಗವಾದ ಅಮೀನ್‌ದಿವಿ ದ್ವೀಪಗಳು ಅದೇ ದಿನ ಕೇಂದ್ರಾಡಳಿತ ಪ್ರದೇಶವೊಂದಕ್ಕೆ ಸೇರಿದವು. ಇದರ ಬಗ್ಗೆ ಏಕೀಕರಣದ ಇತಿಹಾಸಗಳಲ್ಲಿ ಒಂದು ಸಾಲು ಸಿಗುವುದೂ ಅಪರೂಪ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮಂಗಳೂರಿನ ಕಲೆಕ್ಟರರ ಅಧೀನದಲ್ಲಿದ್ದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾ ಎಂಬ ಈ ಐದು ದ್ವೀಪಗಳು ನಮ್ಮ ಪ್ರಾದೇಶಿಕ ಚರಿತ್ರೆಯಿಂದ ಸದ್ದಿಲ್ಲದೆ ಜಾರಿಹೋಗಿವೆ.

ಇವುಗಳಲ್ಲಿ ಕೊನೆಯದಾದ ಬಿತ್ರಾ ಒಂದು ಕಾಲಕ್ಕೆ ಕಡಲಹಕ್ಕಿಗಳ ದ್ವೀಪವಾಗಿತ್ತು. ಇಂದು ಅದು ಮನುಷ್ಯರ ದ್ವೀಪ. ಅದರ ದಕ್ಷಿಣಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ ಪಕ್ಷಿಪಿಟ್ಟಿ ಎಂಬ ಮರಳುದಿಣ್ಣೆಯಿದೆ. ಅಲ್ಲಿ ಯಾರೂ ವಾಸಿಸುವುದಿಲ್ಲ. ಕಡಲಹಕ್ಕಿಗಳು ಅಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. 1995ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಲಾಯಿತು. ಒಂದೇ ಸಮುದ್ರದ, ಒಂದೇ ಬಗೆಯ ಹವಳದಿಬ್ಬದ ಮೇಲೆ ಮೂಡಿದ ಈ ಎರಡು ತುಣುಕು ನೆಲಗಳಲ್ಲಿ ಒಂದು ಹಕ್ಕಿಗಳನ್ನು ಕಳೆದುಕೊಂಡಿತು, ಮತ್ತೊಂದು ಉಳಿಸಿಕೊಂಡಿತು. ಇದಕ್ಕೆ ಕಾರಣವೇನು, ಮತ್ತು ಈ ವಿಷಯದಲ್ಲಿ ಲಿಖಿತ ದಾಖಲೆಗಳು ಏಕೆ ಇಷ್ಟು ಮೌನವಾಗಿವೆ ಎಂಬುದು ಪ್ರಸ್ತುತ ಪ್ರಬಂಧದ ವಿಷಯ.

ಮೊದಲು ಸ್ಥಳದ ಪರಿಚಯ ಅಗತ್ಯ. ಲಕ್ಷದ್ವೀಪ ಸಮೂಹದಲ್ಲಿ ಅಧಿಕೃತ ಲೆಕ್ಕದಂತೆ 36 ದ್ವೀಪಗಳಿದ್ದು ಅವುಗಳ ಒಟ್ಟು ನೆಲ ಸುಮಾರು 32 ಚದರ ಕಿ.ಮೀ. ಮಾತ್ರ. ಜನವಸತಿಯುಳ್ಳವು ಹತ್ತು. ಉಳಿದವುಗಳಲ್ಲಿ ಕೆಲವು ತೆಂಗಿನ ತೋಪುಗಳು, ಕೆಲವು ಬರಿಯ ಮರಳು. ಪಕ್ಷಿಪಿಟ್ಟಿಯು ಈಗಿನ ರಾಜಧಾನಿಯಾದ ಕವರತ್ತಿಯಿಂದ ವಾಯವ್ಯಕ್ಕೆ ಸುಮಾರು 24 ಕಿ.ಮೀ. ದೂರದಲ್ಲಿದೆ. ಅದರ ವಿಸ್ತೀರ್ಣ 1.2 ಹೆಕ್ಟೇರ್, ಎಂದರೆ ಸುಮಾರು ಮೂರು ಎಕರೆ. ನಮ್ಮ ಕರಾವಳಿಯ ಹಳ್ಳಿಯೊಂದರಲ್ಲಿ ಮಧ್ಯಮ ಸ್ಥಿತಿಯ ಕುಟುಂಬಕ್ಕೆ ಇರಬಹುದಾದ ತೋಟದಷ್ಟು ನೆಲ. ಹವಳದಿಬ್ಬವೊಂದರ ಮೇಲೆ ಅಲೆಗಳು ತಂದು ಸುರಿದ ಮರಳೇ ಈ ದ್ವೀಪ. ಕುಡಿಯುವ ನೀರಿಲ್ಲ, ಮರದ ನೆರಳಿಲ್ಲ. ದೋಣಿ ನಿಲ್ಲಿಸಲು ಆಸರೆಯಾಗುವ ಲಗೂನ್, ಅಂದರೆ ಹವಳದಿಬ್ಬದೊಳಗಿನ ತಿಳಿಗಡಲು, ಇಲ್ಲಿಲ್ಲ. ಆದುದರಿಂದ ಸಮುದ್ರ ಶಾಂತವಾಗಿರುವಾಗಲೂ ಇಲ್ಲಿ ಇಳಿಯುವುದು ಸುಲಭವಲ್ಲ. ಇಂತಹ ದಿಣ್ಣೆಗಳಿಗೆ ಸ್ಥಿರವಾದ ಅಂಚು ಇರುವುದಿಲ್ಲ. ಉಬ್ಬರಕ್ಕೆ ಕಿರಿದಾಗಿ, ಇಳಿತಕ್ಕೆ ಹಿರಿದಾಗಿ, ಮಳೆಗಾಲದ ಅಲೆಗಳಿಗೆ ಮರಳು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿದು, ವರ್ಷವರ್ಷವೂ ಅವು ರೂಪ ಬದಲಿಸುತ್ತವೆ.

ಹೆಸರಿನ ಬಗ್ಗೆ ಎರಡು ಮಾತು. ‘ಪಿಟ್ಟಿ’ ಎಂಬ ಪದ ಈ ದ್ವೀಪಗಳಲ್ಲಿ ಒಂದಕ್ಕಿಂತ ಹೆಚ್ಚು ಕಿರುದ್ವೀಪಗಳ ಹೆಸರಿನಲ್ಲಿ ಕಾಣಿಸುತ್ತದೆ. ಅಗತ್ತಿಯ ಪಕ್ಕದಲ್ಲಿ ಕಲ್‌ಪಿಟ್ಟಿಯಿದೆ, ಕಲ್ಪೇನಿಯ ಬಳಿ ಇನ್ನೊಂದು ಪಿಟ್ಟಿಯಿದೆ. ಇವುಗಳಿಂದ ಬೇರ್ಪಡಿಸಿ ಹೇಳಲು ಪಕ್ಷಿಯ ಹೆಸರನ್ನು ಸೇರಿಸಿರಬೇಕು. ದ್ವೀಪವಾಸಿಗಳ ಆಡುಮಾತು ಮಲಯಾಳದ ಒಂದು ಪ್ರಭೇದವಾದರೂ ಈ ಹೆಸರನ್ನು ಕನ್ನಡಿಗರಿಗೆ ಅನುವಾದಿಸಿ ಹೇಳಬೇಕಾಗಿಲ್ಲ. ಯಾವುದೇ ದೊರೆಯ, ಸಂತನ ಅಥವಾ ನಾವಿಕನ ನೆನಪು ಈ ಹೆಸರಿನಲ್ಲಿಲ್ಲ ಎಂಬುದು ಗಮನಾರ್ಹ. ಅಲ್ಲಿ ಯಾರಿದ್ದರೋ ಅವರ ಹೆಸರೇ ಸ್ಥಳಕ್ಕೆ ಬಂದಿದೆ.

ಈ ದ್ವೀಪಗಳ ರಾಜಕೀಯ ಚರಿತ್ರೆಯಲ್ಲಿ ಕರ್ನಾಟಕದ ಪ್ರವೇಶವಾಗುವುದು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ. ಅದಕ್ಕೆ ಮೊದಲು ಇವೆಲ್ಲವೂ ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿದ್ದವು. ಆ ಮನೆತನದ ಕಾರ್ಯಭಾರಿಗಳ ದಬ್ಬಾಳಿಕೆಯಿಂದ ಬೇಸತ್ತ ಅಮೀನಿಯ ಜನರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಇದು 1783ರಲ್ಲಿ ನಡೆಯಿತೆಂದು ದ್ವೀಪಾಡಳಿತದ ಪರಿಚಯ ಬರಹಗಳು ಹೇಳಿದರೆ, ಮಲಬಾರಿನ ಕೈಪಿಡಿಯನ್ನು ಅನುಸರಿಸುವವರು 1787 ಎನ್ನುತ್ತಾರೆ. ವರ್ಷ ಯಾವುದೇ ಇರಲಿ, ಟಿಪ್ಪುವಿಗೂ ಅರಕ್ಕಲ್ ಬೀಬಿಗೂ ಆಗ ಸ್ನೇಹವಿದ್ದುದರಿಂದ ಮಾತುಕತೆಯ ಮೂಲಕವೇ ಅಮೀನಿಯ ಗುಂಪು ಮೈಸೂರಿಗೆ ಬಂದಿತು. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಟಿಪ್ಪುವಿನ ಇತರ ಕರಾವಳಿ ಪ್ರದೇಶಗಳೊಂದಿಗೆ ಈ ದ್ವೀಪಗಳೂ ಕಂಪನಿಯ ವಶವಾಗಿ ಕೆನರಾ ಜಿಲ್ಲೆಗೆ ಸೇರಿಕೊಂಡವು. ದಕ್ಷಿಣದ ಗುಂಪಾದ ಕವರತ್ತಿ, ಅಗತ್ತಿ, ಆಂದ್ರೋತ್, ಕಲ್ಪೇನಿ ಹಾಗೂ ದೂರದ ಮಿನಿಕಾಯ್ ಅರಕ್ಕಲ್ ಮನೆತನದಲ್ಲೇ ಉಳಿದು, ಸಾಲ ಮತ್ತು ಜಪ್ತಿಗಳ ದೀರ್ಘ ಪ್ರಕರಣದ ನಂತರ 1908ರ ಹೊತ್ತಿಗೆ ಪೂರ್ಣವಾಗಿ ಬ್ರಿಟಿಷರ ಕೈಸೇರಿ ಮಲಬಾರ್ ಜಿಲ್ಲೆಯೊಂದಿಗೆ ಕೂಡಿಕೊಂಡವು.

ಹೀಗೆ ನಮ್ಮ ಎರಡು ಹಕ್ಕಿದ್ವೀಪಗಳು ಎರಡು ಬೇರೆ ದಫ್ತರುಗಳಿಗೆ ಸೇರಿದವು. ಬಿತ್ರಾ ಮಂಗಳೂರಿನ ಲೆಕ್ಕಕ್ಕೆ, ಕವರತ್ತಿಯ ಕಡೆಯ ಪಕ್ಷಿಪಿಟ್ಟಿ ಕಣ್ಣಾನೂರಿನ ಹಾಗೂ ಆಮೇಲೆ ಕಲ್ಲಿಕೋಟೆಯ ಲೆಕ್ಕಕ್ಕೆ. ಲೆಕ್ಕ ಎಂಬ ಪದವನ್ನು ಇಲ್ಲಿ ಉದ್ದೇಶಪೂರ್ವಕವಾಗಿಯೇ ಬಳಸಲಾಗಿದೆ. ಏಕೆಂದರೆ ಎರಡೂ ಕಡೆಯ ಆಡಳಿತಗಳಿಗೆ ದ್ವೀಪಗಳೆಂದರೆ ಮುಖ್ಯವಾಗಿ ಕತ್ತ. ದ್ವೀಪದ ಹೆಂಗಸರು ತೆಂಗಿನ ಸಿಪ್ಪೆಯನ್ನು ಕಡಲಂಚಿನಲ್ಲಿ ಹೂತು, ಕೊಳೆಸಿ, ಬಡಿದು, ಹೊಸೆದ ಹುರಿಗೆ ಮಂಗಳೂರಿನ ಬಂದರಿನಲ್ಲಿ ಒಳ್ಳೆಯ ಬೇಡಿಕೆಯಿತ್ತು. ಅಮೀನ್‌ದಿವಿಯ ಕತ್ತದ ಮೇಲೆ ಸರಕಾರದ ಏಕಸ್ವಾಮ್ಯವಿತ್ತು. ದ್ವೀಪದವರು ತಮ್ಮ ಓಡಗಳಲ್ಲಿ ತಂದ ಹುರಿಯನ್ನು ನಿಗದಿಯಾದ ದರದಲ್ಲಿ ಒಪ್ಪಿಸಿ ಅದಕ್ಕೆ ಬದಲಾಗಿ ಅಕ್ಕಿಯನ್ನು ಪಡೆಯಬೇಕಾಗಿತ್ತು. ಈ ಎರಡು ದರಗಳ ನಡುವಿನ ಅಂತರವೇ ಸರಕಾರದ ಆದಾಯ. ಅಮೀನಿಯಲ್ಲಿ ಮಣೆಗಾರನೆಂಬ ಅಧಿಕಾರಿಯಿದ್ದು ಕಂದಾಯ, ನ್ಯಾಯ ಎರಡನ್ನೂ ನೋಡಿಕೊಳ್ಳುತ್ತಿದ್ದ. ಜಮೀನಿನಲ್ಲಿ ‘ಪಂಡಾರ’ವೆಂಬ ವರ್ಗವಿತ್ತು, ಎಂದರೆ ದೊರೆಯ ಭಂಡಾರಕ್ಕೆ ಸೇರಿದ್ದು. ತೆಂಗಿನ ಮರ, ಹುರಿಯ ತೂಕ, ಅಕ್ಕಿಯ ಮುಡಿ ಇವು ಕಡತಕ್ಕೆ ಬರುತ್ತಿದ್ದವು. ಮರವಿಲ್ಲದ ದ್ವೀಪಕ್ಕೆ ಹುರಿಯಿಲ್ಲ, ಹುರಿಯಿಲ್ಲದಿದ್ದರೆ ಕಂದಾಯವಿಲ್ಲ, ಕಂದಾಯವಿಲ್ಲದ ಕಡೆ ಗುಮಾಸ್ತನ ಲೇಖನಿ ಓಡುವುದಿಲ್ಲ.

ಇದಕ್ಕೊಂದು ವಿನೋದದ ನಿದರ್ಶನವನ್ನು ಕೊಡಬಹುದು. ದ್ವೀಪಗಳ ಬಗೆಗಿನ ಆಡಳಿತ ಬರಹಗಳಲ್ಲಿ ಹಕ್ಕಿಗಳಿಗಿಂತ ಹೆಚ್ಚು ಜಾಗ ದೊರೆತಿರುವುದು ಇಲಿಗಳಿಗೆ. ತೆಂಗಿನ ಮರವೇರಿ ಎಳನೀರನ್ನು ಕೊರೆದು ಹಾಳುಮಾಡುವ ಇಲಿಗಳನ್ನು ಹಿಡಿಯಲು ಊರ ಗಂಡಸರೆಲ್ಲರೂ ಸೇರಿ ಬೇಟೆಯಾಡಬೇಕೆಂಬ ಕಟ್ಟುಪಾಡಿತ್ತು. ಇಲಿ ಕಂದಾಯವನ್ನು ತಿನ್ನುತ್ತಿತ್ತು, ಆದುದರಿಂದ ಅದು ದಾಖಲೆಗೆ ಅರ್ಹವಾಯಿತು. ಕಡಲಹಕ್ಕಿ ಸರಕಾರಕ್ಕೆ ಕೊಡುವುದೂ ಇಲ್ಲ, ಸರಕಾರದಿಂದ ಕಸಿಯುವುದೂ ಇಲ್ಲ.

ಆದರೆ ದ್ವೀಪದ ಜನರಿಗೆ ಹಕ್ಕಿಗಳು ಹೀಗೆ ಲೆಕ್ಕಕ್ಕೆ ಬಾರದವುಗಳಾಗಿರಲಿಲ್ಲ. ಲಕ್ಷದ್ವೀಪದ ಮರಳುನೆಲದಲ್ಲಿ ಹೊಟ್ಟೆ ತುಂಬುವಷ್ಟು ಧಾನ್ಯ ಬೆಳೆಯುವುದಿಲ್ಲ. ಅಕ್ಕಿಯೆಲ್ಲ ಹಡಗಿನಲ್ಲೇ ಬರಬೇಕು. ಮುಂಗಾರಿನ ತಿಂಗಳುಗಳಲ್ಲಿ ಹಾಯಿಹಡಗುಗಳು ದಡಕ್ಕೆ ಎಳೆಯಲ್ಪಡುತ್ತಿದ್ದವು, ಮಂಗಳೂರಿನೊಡನೆ ಸಂಪರ್ಕವೇ ಕಡಿಯುತ್ತಿತ್ತು. 1847ರ ಏಪ್ರಿಲ್ ತಿಂಗಳ ಚಂಡಮಾರುತವು ಕಲ್ಪೇನಿ, ಆಂದ್ರೋತ್ ಮತ್ತು ಕಿಲ್ತಾನ್‌ಗಳ ತೆಂಗಿನ ಮರಗಳನ್ನು ನೆಲಕ್ಕುರುಳಿಸಿದಂತೆ, ಒಂದು ಬಿರುಗಾಳಿಯಿಂದ ಹಲವು ವರ್ಷಗಳ ಅನ್ನವೇ ಹೋಗಿಬಿಡಬಹುದಿತ್ತು. ಹೀಗಿರುವಾಗ ಒಂದು ದಿನದ ಹಾಯಿಯಷ್ಟು ದೂರದಲ್ಲಿ, ಬುಟ್ಟಿ ಹಿಡಿದು ಬಗ್ಗಿದರೆ ಸಾಕು ಎಂಬಂತೆ, ಬರಿನೆಲದ ಮೇಲೆ ಸಾವಿರಾರು ಮೊಟ್ಟೆಗಳು ಸಿಗುವ ದ್ವೀಪವೊಂದು ಅವರಿಗೆ ಏನಾಗಿತ್ತು ಎಂಬುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮೊಟ್ಟೆ ತರಲು ಹೋದವರನ್ನು ಇಂದಿನ ನಮ್ಮ ತಕ್ಕಡಿಯಲ್ಲಿ ತೂಗುವುದು ಚರಿತ್ರಕಾರನ ಕೆಲಸವಲ್ಲ.

ಬಿತ್ರಾದ ಕಥೆ ಇಲ್ಲಿಂದ ಆರಂಭವಾಗುತ್ತದೆ. ಲಕ್ಷದ್ವೀಪ ಆಡಳಿತದ ಅಧಿಕೃತ ಪರಿಚಯವು ಈ ದ್ವೀಪದ ಬಗ್ಗೆ ಎರಡು ಕಾಲಸೂಚನೆಗಳನ್ನು ನೀಡುತ್ತದೆ. ಮೊದಲನೆಯದಾಗಿ, ಸುಮಾರು 1835ರವರೆಗೂ ಬಿತ್ರಾ ಅಪಾರ ಸಂಖ್ಯೆಯ ಕಡಲಹಕ್ಕಿಗಳು ಮರಿ ಮಾಡುವ ಸ್ಥಳವಾಗಿತ್ತು. ಚೆತ್ಲತ್ ಮತ್ತು ಕಿಲ್ತಾನ್‌ಗಳ ಜನರು ಮೊಟ್ಟೆಗಳಿಗಾಗಿ ಅಲ್ಲಿಗೆ ಪದೇಪದೇ ಹೋಗಿಬರುತ್ತಿದ್ದರು. ಎರಡನೆಯದಾಗಿ, ಅಲ್ಲಿ ನೆಲೆನಿಂತ ಮೊದಲಿಗರು ಬಹುಶಃ ಚೆತ್ಲತ್‌ನ ಒಬ್ಬ ಮಹಿಳೆ ಮತ್ತು ಆಕೆಯ ಮಗ, ಅದು 1945ರಲ್ಲಿ. ಇವೆರಡೂ ವಾಕ್ಯಗಳನ್ನು ಹಲವು ಪುಸ್ತಕಗಳು ಒಂದರ ಕೆಳಗೊಂದು ಎತ್ತಿ ಬರೆದಿವೆ. ಹಾಗೆ ಓದಿದಾಗ ಹಕ್ಕಿಗಳಿದ್ದವು, ಜನ ಬಂದರು, ಹಕ್ಕಿಗಳು ಹೋದವು ಎಂಬ ಸರಳ ಅನುಕ್ರಮ ಮನಸ್ಸಿನಲ್ಲಿ ಮೂಡುತ್ತದೆ. ಆದರೆ ಈ ವರ್ಷಗಳನ್ನು ನಂಬುವುದಾದರೆ ಅವುಗಳ ನಡುವೆ 110 ವರ್ಷಗಳ ಅಂತರವಿದೆ. ಹಕ್ಕಿಗಳ ಸಂತೆ ಚದುರಿ ಮೂರು ನಾಲ್ಕು ತಲೆಮಾರು ಕಳೆದ ಮೇಲೆಯೇ ಮನುಷ್ಯನು ಅಲ್ಲಿ ಒಲೆ ಹೂಡಿದನು. ಆ ಇಡೀ ಅವಧಿಯಲ್ಲಿ ಬಿತ್ರಾ ಜನವಸತಿಯಿಲ್ಲದ ದ್ವೀಪವೇ ಆಗಿತ್ತು, ಆದರೆ ಅದು ಹಕ್ಕಿಗಳ ದ್ವೀಪವಾಗಿ ಉಳಿದಿರಲಿಲ್ಲ.

ಈ ಅಂತರಕ್ಕೆ ಬಹಳ ಮಹತ್ವವಿದೆಯೆಂಬುದು ನನ್ನ ಅಭಿಪ್ರಾಯ. ಹಕ್ಕಿಗಳನ್ನು ಅಲ್ಲಿಂದ ತೆರವು ಮಾಡಿದ್ದು ವಸತಿಯಲ್ಲ, ಭೇಟಿ. ಅಲ್ಲಿ ಒಂದು ರಾತ್ರಿಯೂ ತಂಗದವರು, ಮನೆ ಕಟ್ಟದವರು, ಬಂದು ಹೋಗುವವರು. ಇದು ಹೇಗೆ ಸಾಧ್ಯವೆಂಬುದನ್ನು ತಿಳಿಯಲು ದಫ್ತರನ್ನು ಬಿಟ್ಟು ಹಕ್ಕಿಯ ಬದುಕಿನ ಕಡೆಗೆ ತಿರುಗಬೇಕಾಗುತ್ತದೆ.

ಪಕ್ಷಿಪಿಟ್ಟಿಯಲ್ಲಿ ಇಂದು ಮರಿ ಮಾಡುವ ಹಕ್ಕಿಗಳು ಮುಖ್ಯವಾಗಿ ಮೂರು. ನಮ್ಮ ಪಕ್ಷಿತಜ್ಞರು ರೀವ ಎಂದು ಕರೆಯುವ ಕಡಲಹಕ್ಕಿಗಳ ಕುಟುಂಬಕ್ಕೆ ಇವು ಸೇರುತ್ತವೆ: ಬೆನ್ನು ಮಸಿಯಂತೆ ಕಪ್ಪಾಗಿ ಹೊಟ್ಟೆ ಬೆಳ್ಳಗಿರುವ ಮಸಿ ರೀವ, ಹಳದಿ ಕೊಕ್ಕಿನ ದೊಡ್ಡ ಜುಟ್ಟಿನ ರೀವ, ಮತ್ತು ಮೈಯೆಲ್ಲ ಕಂದಾಗಿ ನೆತ್ತಿ ಮಾತ್ರ ಬೂದಿಬಿಳುಪಾದ ಕಂದು ನಾಡ್ಡಿ. ಇವುಗಳಲ್ಲಿ ಮಸಿ ರೀವದ ಜೀವನಕ್ರಮ ಬೆರಗುಗೊಳಿಸುವಂಥದು. ಅದರ ಗರಿಗಳು ನೀರನ್ನು ಚೆನ್ನಾಗಿ ತಡೆಯುವುದಿಲ್ಲವಾದ್ದರಿಂದ ಬಾತುಕೋಳಿಯಂತೆ ಕಡಲಿನ ಮೇಲೆ ತೇಲುತ್ತ ವಿಶ್ರಮಿಸಲಾರದು. ಗೂಡಿನ ನೆಲವನ್ನು ಬಿಟ್ಟು ಹೊರಟ ಎಳೆಯ ಹಕ್ಕಿ ವರ್ಷಗಟ್ಟಲೆ ಆಕಾಶದಲ್ಲೇ ಕಳೆಯುತ್ತದೆ. ಸುಮಾರು ಆರರಿಂದ ಎಂಟು ವರ್ಷಗಳಾದ ಮೇಲೆ ಮಾತ್ರ ಮರಿ ಮಾಡಲು ನೆಲಕ್ಕೆ ಬರುತ್ತದೆ. ಒಂದು ಸಲಕ್ಕೆ ಒಂದೇ ಮೊಟ್ಟೆ, ಅದೂ ಗೂಡಿಲ್ಲದೆ ಬರಿಯ ಮರಳಿನಲ್ಲಿ. ಮೂವತ್ತು ವರ್ಷಗಳಿಗೂ ಹೆಚ್ಚು ಬದುಕಬಲ್ಲ ಹಕ್ಕಿಯಿದು.

ಈ ಆಯುರ್ಮಾನದಲ್ಲಿಯೇ ಅಪಾಯವೂ ಅಡಗಿದೆ. ಒಂದು ವರ್ಷ ದ್ವೀಪದ ಮೊಟ್ಟೆಗಳನ್ನೆಲ್ಲ ಬಾಚಿಕೊಂಡು ಹೋದರೂ ಮುಂದಿನ ವರ್ಷ ಅಷ್ಟೇ ಹಕ್ಕಿಗಳು ಹಿಂದಿರುಗುತ್ತವೆ, ಏಕೆಂದರೆ ತಾಯಿಹಕ್ಕಿಗಳು ಸತ್ತಿರುವುದಿಲ್ಲ. ಹತ್ತು ವರ್ಷ ಹೀಗೆಯೇ ಮಾಡಿದರೂ ನೋಡುವವರಿಗೆ ದೊಡ್ಡ ವ್ಯತ್ಯಾಸ ಕಾಣಿಸದು. ಹಕ್ಕಿಗಳ ಸಂಪತ್ತು ಅಕ್ಷಯವೆಂಬ ನಂಬಿಕೆ ಬಲಿಯುತ್ತದೆ. ಆ ನಂಬಿಕೆಯಲ್ಲಿ ಮೂರ್ಖತನವೇನೂ ಇಲ್ಲ, ಕಣ್ಣಿಗೆ ಕಂಡದ್ದನ್ನೇ ಜನ ನಂಬಿದ್ದರು. ಆದರೆ ಹಿಂದಿನ ಹಕ್ಕಿಗಳು ಮುದಿಯಾಗಿ ಒಂದೊಂದಾಗಿ ಇಲ್ಲವಾಗತೊಡಗಿದಾಗ ಅವುಗಳ ಸ್ಥಾನಕ್ಕೆ ಬರಬೇಕಾದ ಹರೆಯದ ಹಕ್ಕಿಗಳು ಹುಟ್ಟಿಯೇ ಇರುವುದಿಲ್ಲ. ಆಗ ಕುಸಿತ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ, ಅಷ್ಟರಲ್ಲಿ ಕಾಲ ಮೀರಿರುತ್ತದೆ. ಮೊಟ್ಟೆಯನ್ನು ಮುಟ್ಟದೆ ಸುಮ್ಮನೆ ನಡೆದಾಡಿದರೂ ಹಾನಿಯುಂಟು. ಮನುಷ್ಯನ ಸುಳಿವಿಗೆ ಹಕ್ಕಿಗಳೆಲ್ಲ ಮೇಲೆದ್ದರೆ ಮೊಟ್ಟೆಗಳು ಸುಡುಬಿಸಿಲಿಗೆ ಬೀಳುತ್ತವೆ, ಏಡಿಗಳು ಬಿಲದಿಂದ ಹೊರಬರುತ್ತವೆ. ಇದಲ್ಲದೆ ದೋಣಿಯೊಂದಿಗೆ ಇಲಿ ಬರುವ ಸಂಭವವೂ, ಬಯಲು ಮರಳಿನಲ್ಲಿ ತೆಂಗು ನೆಟ್ಟಾಗ ಹಕ್ಕಿಗೆ ನೆಲ ತಪ್ಪುವ ಸಂಭವವೂ ಬಿತ್ರಾದಂಥ ಕಡೆ ಇದ್ದೇ ಇವೆ. ಹಿಂದೂ ಮಹಾಸಾಗರದ ಆಚೆ ಬದಿಯ ಸೇಶೆಲ್ಸ್ ದ್ವೀಪಗಳಲ್ಲಿ ಇದೇ ಹಕ್ಕಿಯ ಮೊಟ್ಟೆಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ವ್ಯಾಪಾರಕ್ಕಾಗಿ ಸಂಗ್ರಹಿಸುತ್ತಿದ್ದರು. ಅಲ್ಲಿ ಇದನ್ನು ಅಧ್ಯಯನ ಮಾಡಿದವರೂ ಇದೇ ಪ್ರಶ್ನೆಯನ್ನು ಎದುರಿಸಬೇಕಾಯಿತು: ಎಷ್ಟು ಮೊಟ್ಟೆ ತೆಗೆದರೆ ಹಕ್ಕಿ ಉಳಿಯುತ್ತದೆ?

ಹಾಗಾದರೆ ಪಕ್ಷಿಪಿಟ್ಟಿ ಉಳಿದದ್ದು ಹೇಗೆ? ಕವರತ್ತಿಯವರು ಚೆತ್ಲತ್‌ನವರಿಗಿಂತ ಹೆಚ್ಚು ದಯಾಳುಗಳಾಗಿದ್ದರೆಂದು ಹೇಳಲು ಆಧಾರವಿಲ್ಲ. ಉತ್ತರ ಎರಡು ದ್ವೀಪಗಳ ರಚನೆಯಲ್ಲಿದೆ. ಬಿತ್ರಾದ ನೆಲ ಕೇವಲ 0.10 ಚದರ ಕಿ.ಮೀ. ಆಗಿದ್ದರೂ ಅದನ್ನು ಅಪ್ಪಿಕೊಂಡಿರುವ ಲಗೂನ್ 45 ಚದರ ಕಿ.ಮೀ.ಗೂ ಮಿಗಿಲು. ಹೊರಗಡಲು ಎಷ್ಟೇ ಅಬ್ಬರಿಸಿದರೂ ಒಳಗೆ ದೋಣಿಗಳಿಗೆ ಆಸರೆಯಿದೆ, ಮೀನಿದೆ. ಅಲ್ಲಿ ಮಲಿಕ್ ಮುಲ್ಲಾ ಎಂಬ ಅರಬ್ ಸಂತನ ಸಮಾಧಿಯಿದೆಯೆಂಬ ನಂಬಿಕೆಯಿಂದ ಯಾತ್ರಿಕರೂ ಬರುತ್ತಾರೆ. ಮರಳಿನ ಕೆಳಗೆ ಮಳೆನೀರು ನಿಂತು ಬಾವಿಗೆ ಒದಗುವಷ್ಟು, ತೆಂಗು ಬೇರೂರುವಷ್ಟು ನೆಲವೂ ಇದೆ. ಹೋಗಲು ಕಾರಣ, ಇಳಿಯಲು ಸ್ಥಳ, ತಂಗಲು ನೀರು ಮೂರೂ ಅಲ್ಲಿದ್ದವು. ಪಕ್ಷಿಪಿಟ್ಟಿಯಲ್ಲಿ ಮೊಟ್ಟೆಯ ಹೊರತು ಇವು ಯಾವುವೂ ಇರಲಿಲ್ಲ. ಅಲೆಗಳೇ ಅದರ ಮೊದಲ ಕಾವಲುಗಾರರು, ಕಾನೂನು ಬಂದದ್ದು ಬಹಳ ತಡವಾಗಿ.

ಇಲ್ಲಿಯೇ ಇನ್ನೊಂದು ಮಾತನ್ನು ಹೇಳಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಪೆರು ದೇಶದ ಚಿಂಚಾ ದ್ವೀಪಗಳ ಕಡಲಹಕ್ಕಿಗಳ ಹಿಕ್ಕೆಯು ಗ್ವಾನೋ ಎಂಬ ಹೆಸರಿನ ಗೊಬ್ಬರವಾಗಿ ಯೂರೋಪಿಗೆ ಹಡಗುಗಟ್ಟಲೆ ಸಾಗಿತು. ಅಂತಹ ದುರಾಸೆ ಲಕ್ಷದ್ವೀಪದ ದಿಣ್ಣೆಗಳ ಮೇಲೆ ಬೀಳದಿದ್ದುದಕ್ಕೆ ನಾವು ಮುಂಗಾರಿಗೆ ಋಣಿಗಳಾಗಿರಬೇಕು. ಪೆರುವಿನ ಕರಾವಳಿಯಲ್ಲಿ ಮಳೆಯೇ ಇಲ್ಲದ್ದರಿಂದ ಅಲ್ಲಿ ಹಿಕ್ಕೆ ಬೆಟ್ಟವಾಗಿ ನಿಂತಿತ್ತು. ಇಲ್ಲಿಯ ಮಳೆ ಅದರ ಸಾರವನ್ನೆಲ್ಲ ವರ್ಷವರ್ಷವೂ ತೊಳೆದು ಕಡಲಿಗೆ ಸೇರಿಸುತ್ತಿತ್ತು.

ದಫ್ತರುಗಳು ಮೌನವಾಗಿದ್ದ ಕಾಲದಲ್ಲಿ ಈ ಹಕ್ಕಿಗಳ ಬಗ್ಗೆ ಬರೆದವರು ಪ್ರಕೃತಿಶಾಸ್ತ್ರಜ್ಞರು. ಅವರಲ್ಲಿ ಮೊದಲು ಹೆಸರಿಸಬೇಕಾದವರು ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣರಾದ ಎ. ಓ. ಹ್ಯೂಮ್. 1875ರಲ್ಲಿ ಅವರು ಲಕ್ಷದ್ವೀಪ ಮತ್ತು ಪಶ್ಚಿಮ ಕರಾವಳಿಯಲ್ಲಿ ಸಂಚರಿಸಿ, ತಾವೇ ನಡೆಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ 1876ರಲ್ಲಿ ವಿಸ್ತಾರವಾದ ವೃತ್ತಾಂತವನ್ನು ಪ್ರಕಟಿಸಿದರು. ಆ ಹೊತ್ತಿನಲ್ಲಿ ಅವರು ಭಾರತ ಸರಕಾರದ ಕಂದಾಯ, ಕೃಷಿ ಮತ್ತು ವಾಣಿಜ್ಯ ಇಲಾಖೆಯ ಕಾರ್ಯದರ್ಶಿಗಳು. ಕಂದಾಯದ ಕಡತ ಕಾಣದ ಹಕ್ಕಿಯನ್ನು ಕಂದಾಯದ ಕಾರ್ಯದರ್ಶಿಯೇ ಬಂದು ನೋಡಬೇಕಾಯಿತು. ಅವರ ನಂತರ ‘ಇನ್ವೆಸ್ಟಿಗೇಟರ್’ ಎಂಬ ಸಮೀಕ್ಷಾ ಹಡಗಿನ ವೈದ್ಯರೂ ಪ್ರಾಣಿಶಾಸ್ತ್ರಜ್ಞರೂ ಆಗಿದ್ದ ಆಲ್ಫ್ರೆಡ್ ಆಲ್ಕಾಕ್ ಈ ಸಮುದ್ರದಲ್ಲಿ ಸಂಚರಿಸಿ 1902ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪಿಟ್ಟಿಯ ರೀವಗಳ ವಿಷಯವನ್ನು ಬರೆದರು. 1938ರಲ್ಲಿ ಎಫ್. ಎನ್. ಬೆಟ್ಸ್ ಅವರು ಮುಂಬಯಿ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ ಲಕ್ಷದ್ವೀಪದ ಹಕ್ಕಿಗಳನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಇವರೆಲ್ಲರೂ ಹಡಗಿನಲ್ಲಿ ಬಂದು ಕೆಲ ಹೊತ್ತು ನೋಡಿ ಹೋದವರು. ನಿರ್ಜನ ಸ್ಥಳದ ಚರಿತ್ರೆಯೆಂದರೆ ಅಲ್ಲಿಗೆ ಬಂದುಹೋದವರ ಚರಿತ್ರೆಯೇ ಆಗುವುದು ಅನಿವಾರ್ಯ.

ಹಕ್ಕಿಗಳನ್ನು ವರ್ಷವಿಡೀ ಬಲ್ಲವರು ಮೀನುಗಾರರು. ಕವರತ್ತಿ, ಅಗತ್ತಿಗಳ ಜನಜೀವನದಲ್ಲಿ ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ದೊಡ್ಡ ಬದಲಾವಣೆಯೊಂದು ನಡೆಯಿತು. ಮಿನಿಕಾಯ್‌ನವರಿಗೆ ಮಾತ್ರ ಕರಗತವಾಗಿದ್ದ, ಕೋಲಿಗೆ ಗಾಳ ಕಟ್ಟಿ ಒಂದೊಂದಾಗಿ ಸೂರೆಮೀನು ಹಿಡಿಯುವ ವಿದ್ಯೆ ಯಂತ್ರದೋಣಿಗಳೊಂದಿಗೆ ಉತ್ತರದ ದ್ವೀಪಗಳಿಗೂ ಹಬ್ಬಿತು. ಈ ಕಸುಬಿನಲ್ಲಿ ಹಕ್ಕಿಯೇ ದಾರಿಕಾರ. ಸೂರೆಮೀನಿನ ಹಿಂಡು ಕೆಳಗಿನಿಂದ ಅಟ್ಟಿದ ಸಣ್ಣ ಮೀನುಗಳು ನೀರಿನ ಮೇಲ್ಮೈಗೆ ಬಂದಾಗ ರೀವಗಳು ಮೇಲಿನಿಂದ ಮುತ್ತುತ್ತವೆ. ದೂರದಲ್ಲಿ ಹಕ್ಕಿಗಳ ಗುಂಪು ಕಂಡ ಕಡೆಗೆ ದೋಣಿ ತಿರುಗುತ್ತದೆ. ಮೊಟ್ಟೆಗಾಗಿ ಬೇಕಾಗಿದ್ದ ಹಕ್ಕಿ ಮೀನಿಗಾಗಿ ಬೇಕಾಯಿತು, ಮೊಟ್ಟೆಯೊಡೆದು ಮರಿಯಾಗಿ ಹಾರಿದರೇ ಲಾಭ ಎಂಬಂತಾಯಿತು. ಪಕ್ಷಿಧಾಮದ ಚರಿತ್ರೆಯನ್ನು ಕೇವಲ ಸರಕಾರಿ ಆದೇಶಗಳ ಚರಿತ್ರೆಯಾಗಿ ಬರೆಯುವವರು ಗಮನಿಸದೆ ಬಿಡುವ ಅಂಶವಿದು.

ಆದೇಶಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಜಾರಿಗೆ ಬಂದಿತು. ಅದರಂತೆ ಪಕ್ಷಿಪಿಟ್ಟಿ ಅಭಯಾರಣ್ಯದ ಸ್ಥಾನ ಪಡೆದದ್ದು 1995ರಲ್ಲಿ. ಒಂದು ಮರವೂ ಇಲ್ಲದ ಮರಳಿಗೆ ಅಭಯಾರಣ್ಯವೆಂಬ ಹೆಸರು ಕೇಳಲು ವಿಚಿತ್ರವೆನಿಸಿದರೂ, ಆ ಸ್ಥಾನದಿಂದ ಬರುವ ಮುಖ್ಯ ಫಲ ಪ್ರವೇಶದ ಮೇಲಿನ ನಿರ್ಬಂಧ. ಅನುಮತಿಯಿಲ್ಲದೆ ಯಾರೂ ಅಲ್ಲಿ ಕಾಲಿಡುವಂತಿಲ್ಲ. ಬಿತ್ರಾದಲ್ಲಿ ಹಕ್ಕಿಗಳ ಪಾಲಿಗೆ ಮುಳುವಾದದ್ದು ಭೇಟಿಯೇ ಎಂಬುದನ್ನು ಮೇಲೆ ಚರ್ಚಿಸಲಾಗಿದೆ. ಆ ದೃಷ್ಟಿಯಿಂದ ನೋಡಿದರೆ ಕಾನೂನು ಸರಿಯಾದ ಗಂಟನ್ನೇ ಹಿಡಿದಿದೆ. 2020ರಲ್ಲಿ ಇದರ ಸುತ್ತಲಿನ 62 ಚದರ ಕಿ.ಮೀ. ಸಮುದ್ರವನ್ನು ಕಡಲಹಕ್ಕಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಪ್ರಕಟಿಸಿ ಅದಕ್ಕೆ ಪಿ. ಎಂ. ಸಯೀದ್ ಅವರ ಹೆಸರನ್ನಿಡಲಾಯಿತು. 1967ರಿಂದ 2004ರವರೆಗೆ ಲಕ್ಷದ್ವೀಪವನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ ಸಯೀದ್ ಅವರು ಆಂದ್ರೋತ್‌ನಲ್ಲಿ ಹುಟ್ಟಿ, ಕಾಲೇಜು ಶಿಕ್ಷಣವನ್ನು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಪಡೆದವರು. ಕತ್ತ ಮತ್ತು ಅಕ್ಕಿಯ ನಂಟು ಸಡಿಲವಾದ ಮೇಲೂ ಮಂಗಳೂರು ಈ ದ್ವೀಪಗಳಿಗೆ ವಿದ್ಯೆಯ ಊರಾಗಿ ಉಳಿದಿತ್ತೆಂಬುದಕ್ಕೆ ಇದೊಂದು ಸಾಕ್ಷ್ಯ.

ಅಭಯಾರಣ್ಯಕ್ಕೂ ಸಂರಕ್ಷಣಾ ಮೀಸಲು ಪ್ರದೇಶಕ್ಕೂ ಕಾನೂನಿನಲ್ಲಿ ಭೇದವಿದೆ. ಎರಡನೆಯದು 2002ರ ತಿದ್ದುಪಡಿಯಿಂದ ಬಂದ ವರ್ಗ. ಇದನ್ನು ಘೋಷಿಸುವ ಮೊದಲು ಸ್ಥಳೀಯ ಜನರೊಂದಿಗೆ ಸಮಾಲೋಚನೆ ನಡೆಸಬೇಕು, ನಿರ್ವಹಣೆಗೆ ಸಮಿತಿಯಿರಬೇಕು. ಮೂರು ಎಕರೆಯಿಂದ ಜನರನ್ನು ದೂರವಿಡುವುದು ಮೊದಲನೆಯದರ ಕ್ರಮವಾದರೆ, ಸುತ್ತಲಿನ ಕಡಲಿನ ವಿಷಯದಲ್ಲಿ ಜನರನ್ನು ಜೊತೆಗೂಡಿಸಿಕೊಳ್ಳುವುದು ಎರಡನೆಯದರದು. ಮೀನು ಮತ್ತು ಹಕ್ಕಿಯ ನಂಟನ್ನು ಬಲ್ಲ ಸಮುದಾಯವೊಂದರಲ್ಲಿ ಈ ಎರಡು ಕ್ರಮಗಳೂ ಒಟ್ಟಿಗೆ ಇರುವುದು ಅಗತ್ಯವೆಂದೇ ತೋರುತ್ತದೆ.

ಬಿತ್ರಾದ ಚರಿತ್ರೆ ಇಷ್ಟಕ್ಕೇ ನಿಂತಿಲ್ಲ. 2011ರ ಜನಗಣತಿಯಲ್ಲಿ ಅಲ್ಲಿ 271 ಜನರಿದ್ದರು. ಜನವಸತಿಯುಳ್ಳ ದ್ವೀಪಗಳಲ್ಲಿ ಅತ್ಯಂತ ಚಿಕ್ಕದು ಅದೇ. 2025ರ ಜುಲೈ ತಿಂಗಳಲ್ಲಿ ಲಕ್ಷದ್ವೀಪ ಆಡಳಿತವು ರಕ್ಷಣಾ ಉದ್ದೇಶಗಳಿಗಾಗಿ ಇಡೀ ದ್ವೀಪದ ನೆಲವನ್ನು ವಶಪಡಿಸಿಕೊಳ್ಳುವ ಸಂಬಂಧ ಸಾಮಾಜಿಕ ಪರಿಣಾಮಗಳ ಅಧ್ಯಯನಕ್ಕೆ ಅಧಿಸೂಚನೆ ಹೊರಡಿಸಿತು, ನಿವಾಸಿಗಳು ಅದನ್ನು ವಿರೋಧಿಸಿದರು. 1945ರಲ್ಲಿ ಒಬ್ಬ ತಾಯಿ ಮತ್ತು ಮಗನಿಂದ ಆರಂಭವಾದ ಊರು ಎಂಬತ್ತು ವರ್ಷಗಳಲ್ಲಿಯೇ ತನ್ನ ಇರವನ್ನು ಕುರಿತು ವಾದಿಸಬೇಕಾದ ಪ್ರಸಂಗ ಇದು. ಜನರಿಲ್ಲದ ಸ್ಥಳವೆಲ್ಲ ಹಕ್ಕಿಗಳ ಸ್ಥಳವಾಗುವುದಿಲ್ಲವೆಂಬುದನ್ನು ಆ ದ್ವೀಪವೇ ಒಮ್ಮೆ ತೋರಿಸಿಕೊಟ್ಟಿದೆ. ಆದುದರಿಂದ ಈ ಪ್ರಶ್ನೆಯನ್ನು ಹಕ್ಕಿಗಳ ಹೆಸರಿನಲ್ಲಿ ತೀರ್ಮಾನಿಸಲು ಹೊರಡುವುದು ಸರಿಯಾಗದು.

ಪಕ್ಷಿಪಿಟ್ಟಿಯ ಮುಂದಿರುವ ಸಮಸ್ಯೆ ಬೇರೆ. ಬಂಗಾರಂ ಹವಳದಿಬ್ಬಕ್ಕೆ ಸೇರಿದ್ದ ಪರಳಿ ಎಂಬ ಕಿರುದ್ವೀಪಗಳಲ್ಲಿ ಒಂದು 1968ರಲ್ಲಿ 0.032 ಚದರ ಕಿ.ಮೀ. ಇತ್ತು. ಅದು ಪೂರ್ಣವಾಗಿ ಕೊಚ್ಚಿಹೋಗಿ ನೀರಿನಡಿ ಸೇರಿದೆಯೆಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಆ ದ್ವೀಪ ಪಕ್ಷಿಪಿಟ್ಟಿಯ ಎರಡೂವರೆ ಪಟ್ಟಿಗಿಂತಲೂ ದೊಡ್ಡದಾಗಿತ್ತು. ಮರಳನ್ನು ಒದಗಿಸುವುದು ಹವಳ, ಅಲೆಯ ಹೊಡೆತವನ್ನು ತಡೆಯುವುದೂ ಹವಳವೇ. 1998, 2010 ಮತ್ತು 2016ರಲ್ಲಿ ಕಡಲು ಕಾದಾಗ ಲಕ್ಷದ್ವೀಪದ ಹವಳಗಳು ಬಣ್ಣಗೆಟ್ಟು ಅಪಾರ ಪ್ರಮಾಣದಲ್ಲಿ ಸತ್ತವು. ಮಸಿ ರೀವವು ತಾನು ಹುಟ್ಟಿದ ನೆಲಕ್ಕೇ ಮರಿ ಮಾಡಲು ಮರಳುವ ಹಕ್ಕಿ. ಈ ವರ್ಷ ಪಿಟ್ಟಿಯಿಂದ ಹಾರಿಹೋದ ಮರಿ ಹಿಂದಿರುಗುವ ಹೊತ್ತಿಗೆ ಆರೆಂಟು ವರ್ಷಗಳು ಕಳೆದಿರುತ್ತವೆ. 1995ರ ಆದೇಶ ಕಾಯುವುದು 1.2 ಹೆಕ್ಟೇರ್ ಮರಳನ್ನು. 2020ರ ಆದೇಶ ಕಾಯುವುದು ಆ ಮರಳು ಸರಿದಾಡುವ ಹವಳದಿಬ್ಬವನ್ನೂ ಸುತ್ತಲಿನ ಕಡಲನ್ನೂ. ದಿಣ್ಣೆ ಇದ್ದ ಕಡೆಯಿಂದ ಜರುಗಿ ಪಕ್ಕದಲ್ಲಿ ಇನ್ನೊಂದು ರೂಪದಲ್ಲಿ ಮೇಲೆದ್ದರೂ ಅದು ಮೀಸಲು ಪ್ರದೇಶದ ಗಡಿಯೊಳಗೇ ಇರುತ್ತದೆ.